ಬೆರಳಿಗಷ್ಟೇ ಗೊತ್ತಿದ್ದ ಕನ್ನಡ

ದಹಿಸರ್ ಸ್ಟೇಷನ್ ಹೊರಗೆ ಮದುವೆ ಕಾರ್ಡು ಮಾಡಿಕೊಡುವ ಮಜೀದ ವಿಜಯಪುರದ ಕಡೆಯವನು. ಓದಿದ್ದು ಆರನೆಯ ಇಯತ್ತೆ. ಅಂಗಡಿಯ ಒಂದೇ ಕಂಪ್ಯೂಟರಿನಲ್ಲಿ ಕಾರ್ಡು ಜೋಡಿಸುವ ಒಂದೇ ಸಾಫ್ಟ್‌ವೇರನ್ನು ಮೂರು ಸಲ ಹಾಕಿಕೊಂಡಿದ್ದ. ಕನ್ನಡಕ್ಕೊಂದು, ಮರಾಠಿಗೊಂದು, ಉರ್ದುವಿಗೊಂದು, ಮೂರಕ್ಕೂ ಬೇರೆ ಬೇರೆ ಫೋಲ್ಡರು. ಒಂದರಲ್ಲೇ ಎಲ್ಲ ಬರೆಯಲು ಹೋದರೆ ಗಳಿಗೆಗೊಮ್ಮೆ ಕೀಬೋರ್ಡಿನ ಜೋಡಣೆ ಬದಲಿಸಬೇಕು. ಅಷ್ಟು ತಾಳ್ಮೆ ಅವನಿಗೆಲ್ಲಿಯದು? ಕನ್ನಡದ ಕಾಪಿಯಲ್ಲಂತೂ ಯಾವ ಕೀಲಿಗೆ ಯಾವ ಅಕ್ಷರ ಎಂಬುದನ್ನು ಹದಿನೆಂಟು ವರ್ಷದಿಂದ ತನ್ನ ಕೈಗೆ ಹೊಂದುವಂತೆ ತಿದ್ದಿಕೊಂಡು ಬಂದಿದ್ದ.

ಆ ಗುರುವಾರ ಬೆಳಗ್ಗೆಯಿಂದ ಮರಾಠಿ ಕಾಪಿ ಹ್ಯಾಂಗ್ ಆಗುತ್ತಲೇ ಇತ್ತು. ತೆಗೆದು ಹೊಸದಾಗಿ ಹಾಕೋಣವೆಂದು ಅನ್‌ಇನ್‌ಸ್ಟಾಲ್ ಪಟ್ಟಿ ತೆರೆದರೆ ಒಂದೇ ಹೆಸರು ಮೂರು ಸಾಲು. ಸಿಟ್ಟು ನೆತ್ತಿಗೇರಿತ್ತು. ನೋಡದೆ ಮೇಲಿನದನ್ನು ಒತ್ತಿದ. ಹೋದದ್ದು ಕನ್ನಡ.

ಫೋರ್ಟ್ ಕಡೆಯ ಬ್ಯಾಂಕೊಂದರಲ್ಲಿ ಕೆಲಸಕ್ಕಿದ್ದ ಜಯಸಿಂಹರ ಮಗಳು ವಿಭಾಳ ಮದುವೆ ಕಾರ್ಡು ಸಂಜೆ ಐದಕ್ಕೆ ಬೇಕಿತ್ತು. ಅವರು ಅಂದೇ ದಾದರಿನಲ್ಲಿ ರೈಲು ಹತ್ತಿ ಮೈಸೂರಿನ ನೆಂಟರಿಗೆ ಹಂಚಲು ಹೊರಟವರು.

ಮಜೀದ ಕನ್ನಡದ ಕಾಪಿ ಮತ್ತೆ ಹಾಕಿದ. ‘ವಿಭಾ’ ಎಂದು ಹೊಡೆದರೆ ಪರದೆಯ ಮೇಲೆ ಮತ್ತೇನೋ ಮೂಡಿತು. ತಿದ್ದಿಕೊಂಡಿದ್ದ ಜೋಡಣೆಯೆಲ್ಲ ಹಳೆಯ ಫೋಲ್ಡರಿನೊಂದಿಗೇ ಹೋಗಿತ್ತು. ಯಾವ ಅಕ್ಷರ ಎಲ್ಲಿತ್ತೆಂದು ಎಷ್ಟು ಯೋಚಿಸಿದರೂ ನೆನಪಿಗೆ ಬರಲಿಲ್ಲ.

"ಇದನ್ನ ಹೊತ್ಕೊಂಡ್ ಹೋಗಿ ಖಾಡಿ ನೀರಾಗ ಒಗೀತೀನಿ."

ಕಾರ್ಡು ಮಡಚುತ್ತಿದ್ದ ಹೆಂಡತಿ ಜೇಬುನ್ನೀಸಾ ತಲೆ ಎತ್ತಲಿಲ್ಲ. "ಒಗದಮ್ಯಾಲ ಮೀನು ಕಾರ್ಡು ಬರ್ಕೊಡ್ತಾವೇನ್ರಿ?"

"ನೀ ಸುಮ್ನ ಕೂಡು."

"ನೀವು ಕಣ್ಣು ಮುಚ್ಚರಿ. ಒಂದೊಂದ ಶಬ್ದ ಹೇಳ್ತೀನಿ, ಹೊಡೀರಿ. ಬೆರಳು ಎಲ್ಲಿ ಬೀಳ್ತದೋ ನಾ ನೋಡ್ತೀನಿ."

ಅವನು ಗೊಣಗುತ್ತಲೇ ಕಣ್ಣು ಮುಚ್ಚಿದ. ಮನೆ, ಗಡಿಗೆ, ಛತ್ರಿ, ಝರಿ ಎಂದು ಅವಳು ಹೇಳುತ್ತ ಹೋದಳು. ಯಾವ ಅಕ್ಷರಕ್ಕೆ ಅವನ ಬೆರಳು ಯಾವ ಕೀಲಿಗೆ ಬಿತ್ತೆಂದು ಕೆಟ್ಟ ಕಾರ್ಡೊಂದರ ಹಿಂದೆ ಬರೆದುಕೊಂಡಳು. ನಡುವೆ ಅವನು ಕಳ್ಳಗಣ್ಣು ತೆರೆದಾಗಲೆಲ್ಲ ಬೆರಳು ತಪ್ಪಿತು, ಅವಳಿಂದ ಬೈಸಿಕೊಂಡ. ಹನ್ನೆರಡೂವರೆಗೆ ಅಕ್ಷರಗಳೆಲ್ಲ ಸಿಕ್ಕವು. ಅವನ್ನು ಕೀಲಿಗಳಿಗೆ ಒಂದೊಂದಾಗಿ ಕೂರಿಸಿ ಮಜೀದ ಕಾರ್ಡು ಜೋಡಿಸಿದ, ಛಾಪಿಸಿದ.

ಐದಕ್ಕೆ ಬಂದ ಜಯಸಿಂಹ ನಿಂತಲ್ಲೇ ಎರಡು ಸಲ ಓದಿದರು. "ಒಂದು ತಪ್ಪೂ ಇಲ್ವಲ್ಲ ಮಜೀದ್ ಸಾಹೇಬ್ರೇ."

"ತಪ್ಪಿದ್ರ ನಮ್ಮಾಕಿನ್ನ ಬೈರಿ."

ಅವರು ನಕ್ಕು, ಕಾರ್ಡಿನ ಗಂಟು ಹಿಡಿದು ಲೋಕಲ್ಲಿಗೆ ಓಡಿದರು. ಮಜೀದ, ಹೆಂಡತಿ ಕೀಲಿ ಬರೆದಿಟ್ಟ ಕೆಟ್ಟ ಕಾರ್ಡನ್ನು ಎತ್ತಿಕೊಂಡು ಮೇಲಿನಿಂದ ಕೆಳಗಿನವರೆಗೆ ನೋಡಿದ.

"ನನ್ನ ಅಕ್ಷರ ತಿಳೀತಾವೇನ್ರಿ?"

"ತಿಳೀತಾವ," ಎಂದು ಅದನ್ನು ಜೇಬಿಗಿಟ್ಟುಕೊಂಡ.