ಟ್ರ್ಯಾಕ್ಟರಿನ ಹಿಂಭಾರ

ನನ್ನ ಮೈತೂಕವನ್ನು ಯಾರಾದರೂ ಮೆಚ್ಚಿ ಮಾತಾಡಿದ್ದು ನಾನು ಮೇಷ್ಟರಿಕೆಯಿಂದ ನಿವೃತ್ತನಾಗಿ ನಮ್ಮೂರು ತೆಲಿಗಿಗೆ ಬಂದ ಮೇಲೆಯೇ. ಅದುವರೆಗೆ ವೈದ್ಯರು ಅದನ್ನು ಕಂಡು ತಲೆಯಾಡಿಸುತ್ತಿದ್ದರು, ದರ್ಜಿಗಳು ನಿಟ್ಟುಸಿರು ಬಿಡುತ್ತಿದ್ದರು. ಒಂದು ಬೆಳಿಗ್ಗೆ ತಮ್ಮ ಬಸವರಾಜ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಅಣ್ಣಾ, ನೀ ಒಬ್ಬ ಹಿಂದ ನಿಂತ್ರ ಸಾಕು ನೋಡು, ಗಾಡಿ ಏಳಂಗಿಲ್ಲ” ಎಂದ. ಇಂಥ ಗೌರವ ಸಿಕ್ಕಾಗ ಮನುಷ್ಯ ಯೋಚಿಸುವುದಿಲ್ಲ.

ಗಾಡಿ ಎಂದರೆ ಅವನು ಕೊಂಡ ಸಣ್ಣ ಟ್ರ್ಯಾಕ್ಟರು. ಮುಂದೆ ಎರಡು ಕಬ್ಬಿಣದ ತೋಳು, ತೋಳಿನ ತುದಿಗೆ ಬಕೆಟ್ಟು. ಹಿಮ ಬೀಳುವ ದೇಶಗಳಲ್ಲಿ ಇಂಥದರಿಂದ ರಸ್ತೆಯ ಹಿಮ ಗೋರುತ್ತಾರಂತೆ. ದೇವರು ತೆಲಿಗಿಗೆ ಹಿಮ ಕೊಡಲಿಲ್ಲ, ತಿಪ್ಪೆ ಕೊಟ್ಟ. ಒದ್ದೆ ಗೊಬ್ಬರ ತುಂಬಿದ ಬಕೆಟ್ಟು ಮೇಲೇರಿದರೆ ಭಾರವೆಲ್ಲ ಮುಂದಿನ ಗಾಲಿಗಳ ಮೇಲೆ ಬಿದ್ದು, ಹಿಂದಿನ ದೊಡ್ಡ ಗಾಲಿಗಳು ನೆಲ ಬಿಡುತ್ತವೆ. ಬ್ರೇಕು ಇರುವುದು ಹಿಂದಿನ ಗಾಲಿಗಳಿಗೆ. ಗಾಳಿಯಲ್ಲಿ ತೇಲುವ ಗಾಲಿಗೆ ಬ್ರೇಕು ಒತ್ತುವುದೂ ಒಂದೇ, ಬಸ್ಸು ಹೋದ ಮೇಲೆ ಕೈ ಅಡ್ಡ ಹಿಡಿಯುವುದೂ ಒಂದೇ.

ಇದಕ್ಕೆ ನಮ್ಮವರು ಕಂಡುಕೊಂಡ ಪರಿಹಾರ ಎತ್ತಿನ ಬಂಡಿಯ ಕಾಲದ್ದು. ಬಂಡಿಯ ಹಿಂದೆ ಹೇರು ಹೆಚ್ಚಾದರೆ ನೊಗ ಎತ್ತುಗಳ ಹೆಗಲು ಬಿಟ್ಟು ಮೇಲೇಳುತ್ತಿತ್ತು. ಆಗ ಒಬ್ಬ ಮುಂದೆ ಜರುಗಿ ಕೂತರೆ ಎಲ್ಲ ಸಮ. ಬಂಡಿಯಲ್ಲಿ ಮುಂದೆ ಜರುಗುತ್ತಿದ್ದ ವಂಶ ಟ್ರ್ಯಾಕ್ಟರಿನಲ್ಲಿ ಹಿಂದೆ ನಿಂತಿತು. ಪ್ರಗತಿ ಎಂದರೆ ಅಷ್ಟೇ. ನೇಗಿಲು ಸಿಕ್ಕಿಸುವ ಕಬ್ಬಿಣದ ಪಟ್ಟಿಯ ಮೇಲೆ ಭಾರಮಂಡಳಿಯ ಸದಸ್ಯರಾಗಿ ನಾವು ಮೂವರು ವಿರಾಜಮಾನರಾದೆವು: ನಾನು, ಪಕ್ಕದ ಮನೆಯ ಹನುಮಂತಪ್ಪ, ತಮ್ಮನ ಹೆಂಡತಿ ಶಾಂತವ್ವ. ಶಾಂತವ್ವ ಕಡ್ಡಿಯಂಥ ಹೆಂಗಸು. ಅವಳಿಂದ ಭಾರಕ್ಕೇನೂ ಲಾಭವಿರಲಿಲ್ಲ. ಮನೆಗೆ ಹೋಗು ಎಂದರೆ, “ಸೀಟಿನ ಮ್ಯಾಲೆ ನಮ್ಮನಿಯವ್ರು ಕುಂತಾರ್ರಿ ಭಾವಾರ. ನಾ ಒಳಗ ರೊಟ್ಟಿ ಬಡಕೋತ ಹೆಂಗ ಕುಂದ್ರಲಿ?” ಎನ್ನುವಳು.

ಮನುಷ್ಯಭಾರಕ್ಕೆ ಒಂದು ದೋಷವಿದೆ. ಅದು ಚಹಾ ಕುಡಿಯುತ್ತದೆ. ಒಂದು ದಿನ ಬಕೆಟ್ಟು ತುಂಬಿ ತಲೆಗಿಂತ ಎತ್ತರದಲ್ಲಿ ನಿಂತಿತ್ತು. ಗೋಡೆಯಾಚೆಯಿಂದ ಹನುಮಂತಪ್ಪನ ಹೆಂಡತಿ, “ಚಾ ಆರಾಕ ಹತ್ತೈತಿ, ಬರ್ತೀಯೋ ದನಕ್ಕ ಹಾಕ್ಲೋ?” ಎಂದು ಕೂಗಿದಳು. ಆತ ವಿನಯದಿಂದ ಇಳಿದ. ನಾನು ಮತ್ತು ಶಾಂತವ್ವ ಮೇಲೇರಿದೆವು. ಇಡೀ ಸೇವಾವಧಿಯಲ್ಲಿ ಸಿಗದ ಉನ್ನತ ಸ್ಥಾನ ನನಗೆ ಆ ಗಳಿಗೆಯಲ್ಲಿ ದೊರೆಯಿತು. ಶಾಂತವ್ವ ಚೀರಿದಳು. ಪುಣ್ಯಕ್ಕೆ ಬಸವರಾಜ ಬಕೆಟ್ಟನ್ನು ನೆಲಕ್ಕಿಳಿಸಿದ. ಗಾಲಿಗಳು ಧೊಪ್ಪನೆ ಕೂತವು. ಸ್ಟೀರಿಂಗ್ ಹಿಡಿದ ಅವನ ಕೈ ಬಿಡಿಸಲು ಶಾಂತವ್ವ ಬೆರಳು ಒಂದೊಂದಾಗಿ ಎತ್ತಬೇಕಾಯಿತು. ಹನುಮಂತಪ್ಪ ಚಹಾದ ಬಸಿ ಹಿಡಿದುಕೊಂಡೇ ಗೋಡೆಯ ಮೇಲಿಂದ ಇಣುಕಿ, “ಏನಾತ್ರಿ ಸಾರ್?” ಎಂದ.

ಹಿಂದೆ ಮನುಷ್ಯರು ನಿಲ್ಲಕೂಡದೆಂದು ಅಂದಿನಿಂದ ನಾನು ಹಟ ಹಿಡಿದೆ. ಭಾರ ಹೆಚ್ಚಲೆಂದು ಹಿಂದಿನ ಟೈರುಗಳಿಗೆ ನೀರು ತುಂಬಿಸಿದೆವು. ಹಳೆಯ ಡ್ರಮ್ಮಿನಲ್ಲಿ ಕಾಂಕ್ರೀಟು ಸುರಿದು, ಕೊಂಡಿಗಳನ್ನು ಹೂತು, ನೇಗಿಲಿನ ಜಾಗಕ್ಕೆ ಸಿಕ್ಕಿಸುವಂಥ ಭಾರ ಎರಕ ಹೊಯ್ದೆವು. ಅದು ಗಟ್ಟಿಯಾಗುವವರೆಗೆ ಶಾಂತವ್ವ ತುಳಸಿಗೆ ಹಾಕುವ ಶ್ರದ್ಧೆಯಿಂದ ನೀರು ಹಾಕಿದಳು. ಸಿಕ್ಕಿಸಿ ನೋಡಿದರೆ ಗಾಲಿಗಳು ನೆಲ ಕಚ್ಚಿ ಕೂತವು. ಬಕೆಟ್ಟು ಕೆಳಗಿಟ್ಟುಕೊಂಡೇ ನಡೆಸು, ಇಳಿಜಾರಿನಲ್ಲಿ ತಿರುಗಿಸಬೇಡ, ಬೆಲ್ಟು ಹಾಕು, ಹಿಂದೆ ಯಾರನ್ನೂ ನಿಲ್ಲಿಸಬೇಡ ಎಂದು ಉಪದೇಶವನ್ನೂ ಮಾಡಿದೆ. ಎಲ್ಲರೂ ತಲೆದೂಗಿದರು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ನಮ್ಮ ಕಡೆ ಸೊಂಟದೆತ್ತರದ ಸಪಾಟು ಜಾಗ ಎಂದೂ ಖಾಲಿ ಉಳಿದದ್ದಿಲ್ಲ. ಮರುದಿನವೇ ಕಾಂಕ್ರೀಟಿನ ಮೇಲೆ ಹನುಮಂತಪ್ಪ ಕಾಲು ಇಳಿಬಿಟ್ಟು ಕೂತಿದ್ದ. ನಾನು ಅದರ ಮೇಲೆ ಸಿಮೆಂಟು ಮೆತ್ತಿ, ಕಾಂಪೌಂಡ್ ಗೋಡೆಗೆ ಮಾಡುವಂತೆ ಒಡೆದ ಬಾಟಲಿಯ ಚೂರುಗಳನ್ನು ನೆಟ್ಟೆ. ಆತ ಗೋಣಿಚೀಲ ಮಡಚಿ ಹಾಕಿಕೊಂಡು ಕೂತ. “ಈಗ ಚಲೋ ಆತ್ರಿ ಸಾರ್, ಚೀಲ ಜಾರಂಗಿಲ್ಲ” ಎಂದು ನನಗೆ ಕೃತಜ್ಞತೆ ಸಲ್ಲಿಸಿದ.

ಬಸವರಾಜನೋ, ಬಕೆಟ್ಟಿನಲ್ಲಿ ಗೋಪುರ ಕಟ್ಟಿ, ಅದನ್ನು ಆಕಾಶಕ್ಕೆತ್ತಿಕೊಂಡೇ ಓಡಿಸುತ್ತಾನೆ. “ಹಿಂದ ಭಾರ ಐತಲ್ಲಣ್ಣಾ, ಇನ್ನೇನ ಹೆದರಿಕಿ?” ನಾವು ಕೊಟ್ಟ ಸುರಕ್ಷತೆಯನ್ನು ಅವನು ಅಂದಂದೇ ಖರ್ಚು ಮಾಡಿ ಮುಗಿಸುತ್ತಾನೆ. ಇನ್ನಷ್ಟು ಕಾಂಕ್ರೀಟು ಹಾಕಿದರೆ ಇನ್ನಷ್ಟು ಗೊಬ್ಬರ ಹೇರುತ್ತಾನೆ. ಮನುಷ್ಯನನ್ನು ಕಾಪಾಡುವ ವಿದ್ಯೆಯ ಮೇಲೆ ನನಗೀಗ ಉಳಿದಿರುವ ನಂಬಿಕೆ ಅಲ್ಪ.

ಆದ್ದರಿಂದ ದಿನಾ ಬೆಳಿಗ್ಗೆ, ಟ್ರ್ಯಾಕ್ಟರು ಚಾಲೂ ಆಗುವ ಮುಂಚೆಯೇ, ಹಿತ್ತಲ ಗೇಟಿಗೆ ಅಡ್ಡವಾಗಿ ಕುರ್ಚಿ ಹಾಕಿ ಕೂರುತ್ತೇನೆ. ಹನುಮಂತಪ್ಪ ಇಳಿಯಬೇಕು, ತಮ್ಮ ಬೆಲ್ಟು ಬಿಗಿಯಬೇಕು, ಬಕೆಟ್ಟು ಕೆಳಗಿರಬೇಕು. ಅಲ್ಲಿಯವರೆಗೆ ನಾನು ಏಳುವುದಿಲ್ಲ. ಅವರು ಬೈಯುತ್ತಾರೆ, ನಗುತ್ತಾರೆ, ಕಾಯುತ್ತಾರೆ. ಗೇಟು ದಾಟಿದ ಮೇಲೆ ಏನು ಮಾಡುತ್ತಾರೋ, ನೋಡುವ ಧೈರ್ಯ ನನಗಿಲ್ಲ.

ನಿನ್ನೆ ಒಳಗಿನಿಂದ ಶುಂಠಿ ಚಹಾದ ವಾಸನೆ ಬಂತು. ನನ್ನ ಕಾಲುಗಳು ತಾವಾಗಿಯೇ ನೆಲ ಒತ್ತಿದವು. ಅಷ್ಟರಲ್ಲಿ ಶಾಂತವ್ವ ಓಡಿಬಂದು, ಲೋಟವನ್ನು ನನ್ನ ಕೈಗಿಟ್ಟು, ಭುಜ ಮುಟ್ಟದೆಯೇ ಕೂರಿಸಿದಳು. “ಏಳಬ್ಯಾಡ್ರಿ ಭಾವಾರ. ಚಾ ಇಲ್ಲೇ ತಂದೀನಿ.”