ತುದಿ ಚಿವುಟಿದ ರಾಗಿ ಪೈರು

ಮೊನ್ನೆ ಸಕ್ಕರೆ ಕಾಯಿಲೆ ನೋಡಲು ಮನೆಗೆ ಬಂದ ನರ್ಸಮ್ಮ ಬೆರಳಿಗೆ ಸ್ಪಿರಿಟ್ ಹತ್ತಿ ಒತ್ತಿದಳು. ಆ ವಾಸನೆ ಮೂಗಿಗೆ ಹೊಡೆದದ್ದೇ ತಡ, ನನಗೆ ಸಿಟ್ಟು ಬಂತು. ಅವಳ ಮೇಲಲ್ಲ, ಹಳೆಯ ಸಿಟ್ಟು.

ಕೆಲವು ವರ್ಷದ ಹಿಂದೆ ನಾನು ನಮ್ಮೂರು ದುದ್ದದಿಂದ ಬಸ್ಸು ಹತ್ತಿ, ಮಂಡ್ಯದ ಆಚೆ ಒಂದು ಸಂಶೋಧನೆ ತೋಟಕ್ಕೆ ಕೂಲಿಗೆ ಹೋಗುತ್ತಿದ್ದೆ. ಮದ್ದೂರಿನ ಸುಮಾ ಅನ್ನುವ ಹುಡುಗಿ ಅಲ್ಲಿ ರಾಗಿಯ ಮೇಲೆ ಓದುತ್ತಿದ್ದಳು. ರಾಗಿ ತಿನ್ನೋದು ಗೊತ್ತು, ಓದೋದೇನಿದೆ ಎಂದು ನಾನು ನಕ್ಕಿದ್ದೆ.

"ಗಿಡದೊಳಗೆ ಒಂದೇ ವಂಶದ ಜೀನ್‌ಗಳಿರ್ತವೆ ಅಜ್ಜಿ, ಅಣ್ತಮ್ಮದೀರು ಇದ್ದಂಗೆ. ನೀರಿಲ್ದಾಗ ಗಿಡದಲ್ಲೇ ಒಂದು ಹಾರ್ಮೋನು ಹುಟ್ಟುತ್ತೆ. ಅದನ್ನ ನಾವೇ ಎರಚಿದ್ರೆ ಯಾವನು ಏಳ್ತಾನೆ, ಯಾವನು ಮಲಗ್ತಾನೆ ಅಂತ ನೋಡೋದು."

"ಅಂಗಾದ್ರೆ ನಮ್ಮನೆ ಕತೆನೇ ಬುಡು," ಎಂದೆ. ನಮ್ಮತ್ತೆ ಕೆಮ್ಮಿದರೆ ನಾನು ಏಳುತ್ತಿದ್ದೆ, ನನ್ನ ಓರಗಿತ್ತಿ ಮುಸುಕು ಎಳೆದುಕೊಳ್ಳುತ್ತಿದ್ದಳು.

ಸುಮಾ ತಟ್ಟೆಗಳಲ್ಲಿ ರಾಗಿ ಪೈರು ಬೆಳೆಸಿದ್ದಳು. ಹಾರ್ಮೋನನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ನೀರು ಬೆರೆಸಿ, ಅರ್ಧ ತಟ್ಟೆಗಳಿಗೆ ಎರಚಿದಳು. ಇನ್ನರ್ಧಕ್ಕೆ ಹಾರ್ಮೋನಿಲ್ಲ. ಮಾರನೆಯ ದಿನ ನೀರು ಹಾಕಲು ಹೋದರೆ, ಎರಚಿದ ತಟ್ಟೆಗಳಲ್ಲಿ ಅಲ್ಲಲ್ಲಿ ಪೈರು ಸತ್ತಿತ್ತು. ಸಾಲಿನಲ್ಲಿ ಖಾಲಿ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಹಾರ್ಮೋನಿಲ್ಲದ ಪಕ್ಕದ ತಟ್ಟೆಯಿಂದ ಪೈರು ಕಿತ್ತು, ನಾಟಿಗೆ ಮಾಡುವ ಹಾಗೆ ತುದಿ ಚಿವುಟಿ, ನೆಟ್ಟೆ. ಹೆಬ್ಬೆರಳಲ್ಲಿ ಮಣ್ಣು ಅದುಮಿ, ಒಳ್ಳೆ ಕೆಲಸ ಮಾಡಿದೆ ಎಂದು ಎಲೆಯಡಿಕೆ ಬೇರೆ ಹಾಕಿಕೊಂಡೆ.

ಸುಮಾ ಗಿಡಕ್ಕೊಂದು ಎಲೆ ಕೊಯ್ದು ಪರೀಕ್ಷೆ ಮಾಡಿದಳು. ಎರಚಿದ ತಟ್ಟೆಯ ಗಿಡಗಳಲ್ಲಿ ಕೆಲವು ಎರಚದ ಗಿಡಗಳ ಹಾಗೆಯೇ ಇದ್ದವು. ಅವಳ ಓದು ನೋಡಿಕೊಳ್ಳುತ್ತಿದ್ದ ಸಾರು ಎಲ್ಲರೆದುರು ಹೇಳಿದರು: "ನೀನು ಎರಚೇ ಇಲ್ಲ. ಎರಚಿದೆ ಅಂತ ಸುಳ್ಳು ಬರೆದಿದ್ದೀಯ. ನಿನ್ನ ಓದು ನಿಲ್ಲಿಸ್ತೀನಿ."

ಕೂಲಿ ಹೋದೀತೆಂದು ಎರಡು ದಿನ ಬಾಯಿ ಮುಚ್ಚಿಕೊಂಡಿದ್ದೆ. ನನ್ನ ಮೇಲೂ ನನಗೆ ಸಿಟ್ಟಿದೆ, ಅದನ್ನೇನು ಬಚ್ಚಿಡಲಿ? ಮೂರನೆಯ ದಿನ ಹೋಗಿ, ಸತ್ತ ಜಾಗಕ್ಕೆ ಬೇರೆ ಪೈರು ನೆಟ್ಟವಳು ನಾನೇ ಎಂದು ಹೇಳಿದೆ.

"ಅವಳನ್ನ ಉಳಿಸೋಕೆ ಹೇಳ್ತಿದ್ದೀಯ. ನಿನಗೇನಮ್ಮ ಗೊತ್ತು ಇದೆಲ್ಲ?" ಎಂದರು ಸಾರು.

ನನಗೇನು ಗೊತ್ತು! ಐವತ್ತು ವರ್ಷ ನಾಟಿ ಮಾಡಿದವಳಿಗೆ! ತಟ್ಟೆಗಳನ್ನೇ ಹೊತ್ತು ತಂದು ಅವರ ಮೇಜಿನ ಮೇಲೆ, ಕಾಗದಗಳ ಮೇಲೆಯೇ ಇಟ್ಟೆ.

"ನೋಡಿ ಸಾ. ಇದು ತುದಿ ಚಿವ್ಟಿರೋದು, ನಂದು. ಇದೂ ನಂದು. ಇದು ಚಿವ್ಟಿಲ್ಲ, ಆ ಮಗೀದು."

ಸುಮಾ ಪರೀಕ್ಷೆಯ ಲೆಕ್ಕ ಬರೆದಿದ್ದ ಪುಸ್ತಕ ತರಿಸಿ ಹೊಂದಿಸಿ ನೋಡಿದರು. ತಪ್ಪಿದ ಗಿಡಗಳೆಲ್ಲ ನಾನು ಚಿವುಟಿದವೇ.

"ಮುಟ್ಟು ಅಂತ ಯಾರು ಹೇಳಿದ್ರು ನಿನಗೆ?"

"ಮುಟ್ಬ್ಯಾಡ ಅಂತ ಯಾರೇಳಿದ್ರು ಸಾ? ಗ್ವಾಡೆ ತುಂಬ ಇಂಗ್ಲೀಸ್ನಲ್ಲಿ ಬರ್ದಿದ್ದೀರಿ. ಗಿಡ ಮುಟ್ಟೋಳ್ಗೆ ಒಂದು ಮಾತು ಯೋಳಿದ್ರಾ?"

ಅವರು ಸುಮಾಳತ್ತ ನೋಡದೆ, "ಸರಿ, ಮತ್ತೆ ಬಿತ್ತು," ಎಂದು ಎದ್ದು ಹೋದರು. ಎಲ್ಲರೆದುರು ಸುಳ್ಳಿ ಅಂದ ಬಾಯಿಗೆ, ತಪ್ಪಾಯಿತು ಅನ್ನಲು ಆಗಲಿಲ್ಲ. ನೀವೇ ಹೇಳಿ, ಇದಕ್ಕೆ ಸಿಟ್ಟು ಬರಬಾರದೆ?

ಸುಮಾ ಮತ್ತೆ ಬಿತ್ತಿದಳು. ಈ ಸಲ ರಟ್ಟಿನ ಮೇಲೆ ದಪ್ಪ ಕನ್ನಡದಲ್ಲಿ ಬರೆದು ನೇತುಹಾಕಿದಳು: "ಸತ್ತ ಗಿಡದ ಜಾಗ ಖಾಲಿ ಇರಲಿ." ಒಂದೊಂದೇ ಅಕ್ಷರ ಕೂಡಿಸಿ ನಾನೇ ಓದಿದೆ.

ಮೊನ್ನೆ ನರ್ಸಮ್ಮ ರಕ್ತ ನೋಡಿ, ವಾರವಾರ ಸಕ್ಕರೆ ಲೆಕ್ಕ ಬರೆಯುವ ನನ್ನ ಕಾರ್ಡು ತೆಗೆದಳು. "ಹೋದ್ವಾರ ನಾನು ಬರ್ನಿಲ್ಲ ಅಲ್ವಾ ಅಜ್ಜಿ? ಇವತ್ತಿನ್ ಲೆಕ್ಕಾನೇ ಅಲ್ಲಿಗೂ ಬರ್ಕೊಬುಡ್ತೀನಿ," ಎಂದಳು.

ಅವಳ ಕೈ ಹಿಡಿದುಕೊಂಡೆ.

"ಬ್ಯಾಡ ಕಣಮ್ಮ. ಅದು ಖಾಲಿ ಇರ್ಲಿ."