ಮಿಲಿಟರಿ ಚೀಲವೂ ನನ್ನ ಸೊಂಟವೂ

ನನ್ನ ಬೆನ್ನನ್ನು ನಾನು ಈವರೆಗೆ ಸರಿಯಾಗಿ ನೋಡಿಲ್ಲ. ನೀವೂ ನಿಮ್ಮದನ್ನು ನೋಡಿರಲಾರಿರಿ. ಹುಟ್ಟಿದಂದಿನಿಂದ ಜೊತೆಗೇ ಇದ್ದು, ಊರಿಗೆಲ್ಲ ಕಂಡು, ನಮಗೆ ಮಾತ್ರ ಕಾಣದ ಆಸ್ತಿ ಅದು. ಒಮ್ಮೆ ಕ್ಷೌರದಂಗಡಿಯ ಎರಡು ಕನ್ನಡಿಗಳ ನಡುವೆ ಕುಳಿತಾಗ ಕತ್ತಿನ ಹಿಂಭಾಗ ಕಂಡಿತ್ತು. ಯಾರೋ ಅಪರಿಚಿತರದು ಅನ್ನಿಸಿ ಮುಖ ತಿರುಗಿಸಿದೆ. ಹೀಗಾಗಿ ಬೆನ್ನಿನ ವಿಚಾರದಲ್ಲಿ ನಾವು ಪರರ ಮಾತನ್ನೇ ನಂಬಬೇಕು. ಇಷ್ಟು ಸಣ್ಣ ವಿಷಯ ನನಗೆ ತಿಳಿದದ್ದು ಮೂವತ್ತೆರಡು ತುಂಬಿದ ಮೇಲೆ, ಒಂದು ಮಿಲಿಟರಿ ಚೀಲದ ದೆಸೆಯಿಂದ.

ಅರವತ್ತರ ದಶಕದ ಮಾತು. ಶ್ರೀರಂಗಪಟ್ಟಣದಲ್ಲಿ ಹುಟ್ಟಿ ಹೊಳೆ ನೋಡುತ್ತ ಬೆಳೆದ ನಾನು, ಮಳೆ ಬಂದರೆ ಮಾತ್ರ ಬೆಳೆ ಎನ್ನುವ ಬಿಂಡಿಗನವಿಲೆಗೆ ಮೇಷ್ಟ್ರಾಗಿ ಬಂದಿದ್ದೆ. ಗುಡ್ಡದಾಚೆ ಮೂರು ಸಣ್ಣ ಹಳ್ಳಿಗಳಿದ್ದವು. ಅಲ್ಲಿನ ದೊಡ್ಡವರಿಗೆ ಒಂದು ವರ್ಷ ಸಂಜೆ ಪಾಠ ಹೇಳಿದೆ. ಹನ್ನೊಂದು ಜನ ಓದಲು ಕಲಿತರು. ಆದರೆ ಅಕ್ಷರ ಕಲಿಸುವುದಕ್ಕಿಂತ ಅದನ್ನು ಉಳಿಸುವುದು ಕಷ್ಟ. ಇದಕ್ಕೆ ಮೊದಲು ಪಾಂಡವಪುರದ ಕಡೆ ಇದ್ದಾಗ ನನ್ನ ಕೈಯಲ್ಲಿ ಕಲಿತ ಒಬ್ಬ ಗೌಡರು, ತಮ್ಮ ಹೆಸರನ್ನು ಬರೆದು ಬರೆದು ಮನೆಯ ಗೋಡೆಯನ್ನೆಲ್ಲ ಮಸಿ ಮಾಡಿದ್ದರು. ಎರಡು ವರ್ಷ ಬಿಟ್ಟು ಹೋಗಿ ನೋಡಿದರೆ ಮತ್ತೆ ಹೆಬ್ಬೆಟ್ಟಿಗೆ ಇಳಿದಿದ್ದರು. ಓದಲು ಏನೂ ಸಿಗದೆ ಅಕ್ಷರ ಅವರನ್ನು ಬಿಟ್ಟುಹೋಗಿತ್ತು. ಆ ಹೆಬ್ಬೆಟ್ಟು ನನ್ನ ಎದೆಯ ಮೇಲೇ ಒತ್ತಿದಂತಾಯಿತು.

ಈ ಹನ್ನೊಂದು ಜನ ಹಾಗಾಗಬಾರದೆಂದು, ನಾಗಮಂಗಲದ ಪುಸ್ತಕ ಭಂಡಾರದಿಂದ ಮೂವತ್ತು ಪುಸ್ತಕ ಬಸ್ಸಿನಲ್ಲಿ ತಂದು, ಪ್ರತಿ ಭಾನುವಾರ ಗುಡ್ಡ ಹತ್ತಿಳಿದು ಹಂಚತೊಡಗಿದೆ. ಮೊದಲು ಹೊತ್ತದ್ದು ಕೈಚೀಲದಲ್ಲಿ. ಅದರ ಹಿಡಿ ಮೂರನೆಯ ವಾರಕ್ಕೇ ಕಿತ್ತು ಬಂತು. ಆಗ ಮೈಸೂರಿನ ಗುಜರಿ ಅಂಗಡಿಯೊಂದರಲ್ಲಿ ಕಣ್ಣಿಗೆ ಬಿದ್ದದ್ದು ಈ ಚೀಲ. ಬೆಟ್ಟ ಹತ್ತುವ ಸೈನಿಕರದಂತೆ. ಪಾಚಿ ಬಣ್ಣದ ದಪ್ಪ ಬಟ್ಟೆ, ಬೆನ್ನಿಗೊಂದು ಕಬ್ಬಿಣದ ಚೌಕಟ್ಟು, ಎಲ್ಲಿ ನೋಡಿದರೂ ಪಟ್ಟಿ, ಬಕಲು. ಅದನ್ನು ಹೊತ್ತು ಮನೆಗೆ ಬಂದಾಗ ನನ್ನ ನಡಿಗೆಯೇ ಬದಲಾಗಿತ್ತು. ಹೆಂಡತಿ ಸಾವಿತ್ರಿ ಬಾಗಿಲಲ್ಲೇ ನಿಂತು, "ಯುದ್ಧ ಎಲ್ಲಿ?" ಅಂದಳು.

ಇಂಥ ಚೀಲಕ್ಕೆ ಪಂಚೆ ಒಪ್ಪುವುದಿಲ್ಲ ಎಂದು ನನಗೆ ನಾನೇ ತೀರ್ಮಾನಿಸಿ, ಅಣ್ಣನ ಹಳೆಯ ಪ್ಯಾಂಟನ್ನು ಪೆಟ್ಟಿಗೆಯಿಂದ ತೆಗೆದೆ. ಅಣ್ಣ ನನಗಿಂತ ದಪ್ಪ. ಪ್ಯಾಂಟು ನಿಲ್ಲಲಿಲ್ಲ. ಚೀಲದ ತಳದಲ್ಲಿ ಎರಡು ಬೆರಳಗಲದ ಒಂದು ಪಟ್ಟಿ ಸುಮ್ಮನೆ ನೇತಾಡುತ್ತಿತ್ತು. ಅದರ ತುದಿಗೆ ಒಳ್ಳೆಯ ಹಿತ್ತಾಳೆ ಬಕಲು. ಏನು ಕೆಲಸವೆಂದು ತಿಳಿಯದ ವಸ್ತುವನ್ನು ಕೆಲಸಕ್ಕೆ ಬಾರದ್ದು ಎಂದುಕೊಳ್ಳುವುದು ಓದಿದವರ ಲಕ್ಷಣ. ನಾನು ಆ ಪಟ್ಟಿಯನ್ನು ಈಳಿಗೆಮಣೆಯ ಮೇಲಿಟ್ಟು, ಸಾವಿತ್ರಿ ಬೇಡವೆನ್ನುವಷ್ಟರಲ್ಲಿ ಕುಯ್ದು, ಸೊಂಟಕ್ಕೆ ಕಟ್ಟಿಕೊಂಡೆ. ಪ್ಯಾಂಟು ನಿಂತಿತು. ಬಹಳ ಜಾಣನೆನ್ನಿಸಿತು.

ಅಲ್ಲಿಂದ ಶುರುವಾಯಿತು ಪಾಡು. ಭುಜದ ಪಟ್ಟಿಯನ್ನು ಉದ್ದ ಬಿಟ್ಟರೆ ಚೀಲ ಹಿಂದೆ ಜೋತುಬಿದ್ದು ಹೆಜ್ಜೆಗೊಮ್ಮೆ ಒದೆಯುತ್ತಿತ್ತು. ಬಿಗಿ ಮಾಡಿದರೆ ಕಂಕುಳು ಕೊಯ್ಯುತ್ತಿತ್ತು. ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ ಮಾಡಿ ನೋಡಿದೆ. ದಾರಿಯಲ್ಲಿ ಸಿಕ್ಕವರು, ಕಾಲಿಗೆ ಏನಾಯಿತೆಂದು ಕೇಳಿದರು. ಸಾವಿತ್ರಿ ಪಟ್ಟಿಗಳ ಒಳಗೆ ಹಳೆಯ ಸೀರೆ ಮಡಿಸಿ ಹೊಲಿದಳು. ಒಂದು ವಾರ ಹಾಯೆನ್ನಿಸಿತು, ಮರುವಾರ ಮತ್ತೆ ಅದೇ ನೋವು.

ಗಾಡಿ ಬೋರೇಗೌಡರು ನಮ್ಮ ನೆರೆಯವರು. ರಾಗಿ ಮೂಟೆ ಹೇರುವುದರಲ್ಲಿ ಅವರನ್ನು ಬಿಟ್ಟರಿಲ್ಲ. ಒಂದು ದಿನ ನನ್ನ ಸುತ್ತ ಒಂದು ಪ್ರದಕ್ಷಿಣೆ ಬಂದು ನಕ್ಕರು. "ಅಲ್ಲ ಮೇಷ್ಟ್ರೆ, ಗಾಡಿ ತುಂಬೋದ್ ನೋಡಿಲ್ವಾ? ಇಂದಕ್ ಭಾರ ಬಿದ್ರೆ ನೊಗ ಕಟ್ಟೋ ಮೂಕಿ ಮ್ಯಾಕೆದ್ದು ಎತ್ತಿನ್ ಕತ್ತು ಇಸುಕ್ಬುಡ್ತದೆ. ದಪ್ಪ ಪುಸ್ತಕ ಎಲ್ಲಾ ಆಚ್ಗಡೆ ತುರ್ಕಿದ್ದೀರಿ. ಬೆನ್ಗೆ ಅತ್ಕಂಡಂಗೆ ಇಡಿ." ಅವರೇ ಚೀಲ ಬಿಚ್ಚಿ, ದಪ್ಪದ್ದನ್ನು ಬೆನ್ನಿನ ಕಡೆಗೆ, ತೆಳ್ಳನೆಯದನ್ನು ಹೊರಗಡೆಗೆ ಜೋಡಿಸಿಕೊಟ್ಟರು. ನಿಜಕ್ಕೂ ಹಿಂದಕ್ಕೆ ಎಳೆಯುವುದು ನಿಂತಿತು. ನಾನು ಗಣಿತದ ಮೇಷ್ಟ್ರು. ತೂಕ, ದೂರ, ಆಧಾರಬಿಂದು ಎಲ್ಲವನ್ನೂ ಹಲಗೆಯ ಮೇಲೆ ಬರೆದು ಮಕ್ಕಳ ತಲೆ ತಿನ್ನುತ್ತಿದ್ದವನು. ಅದೆಲ್ಲ ನನ್ನ ಬೆನ್ನಿಗೂ ಅನ್ವಯಿಸುತ್ತದೆ ಎಂದು ಹೊಳೆದೇ ಇರಲಿಲ್ಲ.

ಎಳೆತ ಹೋಯಿತು, ಭುಜದ ನೋವು ಹೋಗಲಿಲ್ಲ. ಆರನೆಯ ತಿಂಗಳಿಗೆ ಬಲಗೈ ಜೋಮು ಹಿಡಿಯತೊಡಗಿತು. ಸೋಮವಾರದ ಪಾಠದಲ್ಲಿ ಸೀಮೆಸುಣ್ಣ ತಾನಾಗಿ ಕೈಜಾರಿ ಬೀಳುತ್ತಿತ್ತು. ನಾಗಮಂಗಲದ ಡಾಕ್ಟರು ಕತ್ತು ಒತ್ತಿ ನೋಡಿ, ತಿಕ್ಕಲು ಒಂದು ಎಣ್ಣೆ ಕೊಟ್ಟು, "ಹೊರೆ ಬಿಡಿ ಮೇಷ್ಟ್ರೆ. ಇಲ್ಲದಿದ್ದರೆ ಕೈ ಬಿಡಬೇಕಾಗುತ್ತದೆ," ಎಂದು ಸ್ಪಷ್ಟವಾಗಿ ಹೇಳಿದರು. ಹೊರೆಯಾಳನ್ನು ಗೊತ್ತು ಮಾಡುವ ಶಕ್ತಿ ನನಗಿರಲಿಲ್ಲ. ಬಸ್ಸು ಆ ಗುಡ್ಡ ಹತ್ತುವಂತಿರಲಿಲ್ಲ. ಬರುವ ಭಾನುವಾರವೇ ಕೊನೆ, ಪುಸ್ತಕಗಳನ್ನೆಲ್ಲ ವಾಪಸು ತಂದುಬಿಡುವುದು ಎಂದು ನಿರ್ಧರಿಸಿದೆ. ಪಾಂಡವಪುರದ ಗೌಡರ ಹೆಬ್ಬೆಟ್ಟು ವಾರವೆಲ್ಲ ಕಣ್ಣ ಮುಂದೆ ಬರುತ್ತಿತ್ತು.

ಗುಡ್ಡ ಇಳಿದ ಕಡೆ ದಾರಿ ಪಕ್ಕದಲ್ಲಿ ಹೊರೆ ಇಳಿಸುವ ಕಲ್ಲೊಂದಿದೆ. ಎರಡು ನಿಂತ ಕಲ್ಲು, ಮೇಲೊಂದು ಅಡ್ಡ ಕಲ್ಲು, ಎದೆಯೆತ್ತರ. ನಮ್ಮ ಸೀಮೆಯ ಹಳೆಯ ದಾರಿಗಳಲ್ಲಿ ಇವು ಅಲ್ಲಲ್ಲಿ ಕಾಣುತ್ತವೆ. ತಲೆಹೊರೆಯನ್ನು ನೆಲಕ್ಕಿಳಿಸಿದರೆ ಮತ್ತೆ ಎತ್ತಲು ಇನ್ನೊಬ್ಬರು ಬೇಕು. ಈ ಕಲ್ಲಿನ ಮೇಲೆ ಜಾರಿಸಿದರೆ ಒಬ್ಬರೇ ಮತ್ತೆ ಏರಿಸಿಕೊಳ್ಳಬಹುದು. ಹೆಸರು ಕೆತ್ತಿಸದೆ, ಮುಂದೆಂದೋ ಬರುವ ಯಾರದೋ ಕತ್ತಿಗಾಗಿ ಕಲ್ಲು ನಿಲ್ಲಿಸಿದ ಆ ಪುಣ್ಯಾತ್ಮರನ್ನು ನೆನೆದರೆ ನನಗೆ ಈಗಲೂ ಮನಸ್ಸು ತುಂಬುತ್ತದೆ. ಅಂದು ಅದರ ಮೇಲೆ ಚೀಲ ಇಳಿಸಿ ಕೈ ಉಜ್ಜಿಕೊಳ್ಳುತ್ತ ನಿಂತಿದ್ದೆ.

ಪಕ್ಕದ ಬಾವಿಯಿಂದ ಕೆಂಪಮ್ಮ ಬಂದರು. ಹನ್ನೊಂದು ಜನರಲ್ಲಿ ಇವರೇ ಹಿರಿಯರು, ಐವತ್ತು ದಾಟಿದವರು. ಕುರಿ ಮೇಯಿಸುತ್ತ ಓದುತ್ತಿದ್ದರು. ಆದರೆ ಯಾವಾಗಲೂ ತೆಳ್ಳನೆಯ ಪುಸ್ತಕವನ್ನೇ ಆರಿಸುತ್ತಿದ್ದರು. ಓದುವುದಕ್ಕೆ ಸೋಮಾರಿತನ ಎಂದು ನಾನು ಒಳಗೊಳಗೇ ಒಂದಿಷ್ಟು ಬೇಸರಪಟ್ಟುಕೊಂಡಿದ್ದೆ.

"ಯಾಕ್ ಮೇಷ್ಟ್ರೆ, ಮೊಕ ಇಂಗಾಗದೆ?" ಅಂದರು.

ಡಾಕ್ಟರು ಹೇಳಿದ್ದನ್ನೂ, ಇದೇ ಕೊನೆ ಎನ್ನುವುದನ್ನೂ ಹೇಳಿದೆ. ಅವರ ಸೊಂಟದ ಮೇಲೆ ತುಂಬಿದ ಬಿಂದಿಗೆ ಇತ್ತು. ಅದನ್ನು ಇಳಿಸದೆಯೇ ನನ್ನ ಚೀಲವನ್ನು ಮೇಲಿಂದ ಕೆಳಗೆ ನೋಡಿದರು.

"ನಾ ಈ ಬಿಂದ್ಗೇನ ಭುಜಕ್ ನೇತಾಕ್ಕಂಡ್ರೆ ಮನೆಗಂಟ ಓಗ್ತೀನಾ? ಒರೋದು ಸೊಂಟ ಕಣ್ ಮೇಷ್ಟ್ರೆ. ಕೈ ಬರೀ ಇಡ್ಕಳಾಕೆ." ಆಮೇಲೆ ಚೀಲದ ತಳ ಮುಟ್ಟಿ, "ಇಲ್ಲಿ ಸೊಂಟಕ್ ಕಟ್ಟೋ ಪಟ್ಟಿ ಇತ್ತಲ್ವಾ? ಕುಯ್ದಿರೋ ಗುರ್ತದೆ. ಯಾವ್ ಮುಂಡೇದು ಕುಯ್ತು?"

ಆ ಮುಂಡೇದು ತಲೆ ತಗ್ಗಿಸಿ ತನ್ನ ಸೊಂಟವನ್ನು ನೋಡಿಕೊಂಡಿತು. ಹಿತ್ತಾಳೆ ಬಕಲು ಬಿಸಿಲಿಗೆ ಥಳಥಳ ಹೊಳೆಯುತ್ತಿತ್ತು. ಭಾರವನ್ನೆಲ್ಲ ಹೊರಬೇಕಾದ ಪಟ್ಟಿ ಆರು ತಿಂಗಳಿಂದ ಇರಬೇಕಾದ ಜಾಗದಲ್ಲೇ ಇತ್ತು. ಆದರೆ ಹೊತ್ತದ್ದು ಅಣ್ಣನ ಪ್ಯಾಂಟನ್ನು. ಕೆಂಪಮ್ಮ ನನ್ನ ದೃಷ್ಟಿ ಹೋದ ಕಡೆ ನೋಡಿದರು. ಬಿಂದಿಗೆಯ ನೀರು ತುಳುಕುವಷ್ಟು ನಕ್ಕರು. ನನಗೂ ನಗು ತಡೆಯಲಾಗಲಿಲ್ಲ.

ಮನೆಗೆ ಕರೆದೊಯ್ದು, ಮೂಟೆ ಹೊಲಿಯುವ ದಬ್ಬಳ ಮತ್ತು ಗೋಣಿದಾರ ತೆಗೆದು, ಪಟ್ಟಿಯನ್ನು ಎರಡು ಸುತ್ತು ಗಟ್ಟಿಯಾಗಿ ಹೊಲಿದರು. ಚೀಲ ಹೊರಿಸಿ, ಮೊದಲು ಸೊಂಟದ ಮೂಳೆಯ ಮೇಲೆ ಪಟ್ಟಿ ಬಿಗಿಸಿ, ಆಮೇಲೆ ಭುಜದ್ದನ್ನು ಎಳೆದು, "ಈಗ ಭುಜ ಅಲ್ಲಾಡ್ಸಿ" ಅಂದರು. ಅಲ್ಲಾಡಿಸಿದೆ. ಭುಜದ ಮೇಲೆ ಯಾರೋ ಕೂತಿದ್ದವರು ಎದ್ದುಹೋದಂತಿತ್ತು. ಪ್ಯಾಂಟಿನ ವಿಷಯ ಬೇರೆ. ಅದನ್ನು ಎಡಗೈಯಲ್ಲಿ ಹಿಡಿದುಕೊಂಡೇ ಉಳಿದೆರಡು ಹಳ್ಳಿ ಮುಗಿಸಿದೆ. ಯಾವ ಪುಸ್ತಕವನ್ನೂ ವಾಪಸು ಕೇಳಲಿಲ್ಲ.

ಜೋಮು ಹೋಗಲು ಒಂದು ತಿಂಗಳು ಹಿಡಿಯಿತು, ಆದರೆ ಹೋಯಿತು. ಡಾಕ್ಟರು ತಮ್ಮ ಎಣ್ಣೆಯ ಗುಣ ಎಂದರು, ನಾನು ಹೂಂಗುಟ್ಟಿದೆ.

ಪಟ್ಟಿ ಹೊಲಿಸಿಕೊಂಡು ನಾನು ಹೊರಡುವಾಗ ಬಾಗಿಲಲ್ಲಿ ನಿಂತು ಕೆಂಪಮ್ಮ ಹೇಳಿದ ಮಾತೊಂದನ್ನು ಹೇಳದೆ ಬಿಟ್ಟೆ. "ನಿಮ್ಗೆ ಒಜ್ಜೆ ಆಯ್ತದೆ ಅಂತ ಇಲ್ಲೀಗಂಟ ತೆಳ್ಳಗಿರೋದ್ನೇ ಕೇಳ್ತಿದ್ದೆ ಮೇಷ್ಟ್ರೆ. ಒಂದೇ ದಿನಕ್ ಮುಗ್ದೋಗ್ಬುಡ್ತಿತ್ತು. ಇನ್ಮ್ಯಾಕೆ ದಪ್ಪದ್ದು ತನ್ನಿ."

ಮುಂದಿನ ಭಾನುವಾರ ನಾನು ಪಂಚೆ ಉಟ್ಟು ನಿಂತೆ. ಸಾವಿತ್ರಿ ಹಿಂದಿನಿಂದ, ನನಗೆ ಕಾಣದ ಬೆನ್ನಿನ ಮೇಲೆ ಚೀಲವನ್ನು ಎತ್ತಿ ಕೂರಿಸಿ, ಪಟ್ಟಿ ಬಿಗಿದಳು. ಒಳಗೆ ಬೆನ್ನಿಗೆ ಆತು ಕೂತಿದ್ದದ್ದು ನಾಗಮಂಗಲದ ಭಂಡಾರದಲ್ಲೇ ಅತಿ ದಪ್ಪನೆಯ ಪುಸ್ತಕ.